ವಿಸಿಟ್ ವೀಸಾದಲ್ಲಿ ಹೋದರೆ ಕೆಲಸ ಸಿಗುತ್ತದೆಯೇ?

ನಾಗಸಂದ್ರದಿಂದ ಪೀಣ್ಯದವರೆಗಿನ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ವೆಲ್ಡರ್, ಫಿಟ್ಟರ್, ಟರ್ನರ್‌ಗಳ ಕಿವಿಗೆ ಒಂದಲ್ಲ ಒಂದು ದಿನ ಈ ಮಾತು ಬಿದ್ದೇ ಬೀಳುತ್ತದೆ: ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿಬಿಡು. ಅಲ್ಲಿ ಕಂಪನಿಯವರೇ ವರ್ಕ್ ವೀಸಾ ಮಾಡಿಸ್ತಾರೆ.’

ಇದರಷ್ಟು ದುಬಾರಿ ನಂಬಿಕೆ ಇನ್ನೊಂದಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವುದು ಗಲ್ಫ್ ದೇಶಗಳಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ಕೇಳಲು ಕೈಯಲ್ಲಿ ಕರಾರುಪತ್ರವೂ ಇರುವುದಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ವಲಸೆ ಅನುಮತಿ ಬೇಕಾದದ್ದು. 1983ರ ವಲಸೆ ಕಾಯ್ದೆಯಡಿ ಅಂಥವರು ಸೌದಿ, ಕುವೈತ್, ಕತಾರ್, ಯುಎಇ, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಇದನ್ನು ಬರೀ ಅಲೆದಾಟ ಎಂದುಕೊಳ್ಳುವವರೇ ಹೆಚ್ಚು. ಆದರೆ ಅನುಮತಿಯ ಹಾದಿಯಲ್ಲೇ ಉದ್ಯೋಗದ ಕರಾರು ಪರಿಶೀಲನೆಗೆ ಒಳಪಡುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯವಾಗಿ ಆಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾ ಹಿಡಿದು ಹೋದವರ ಮನೆಯವರಿಗೆ ಇದರಲ್ಲಿ ಬಿಡಿಗಾಸೂ ಸಿಗದು.

‘ಆಫೀಸಿದೆ, ಬೋರ್ಡಿದೆ, ಜಿಎಸ್‌ಟಿ ನಂಬರ್ ಇದೆ, ಏಜೆಂಟರು ಸಾಚಾನೇ’ ಎನ್ನುತ್ತಾರೆ. ಜಿಎಸ್‌ಟಿ ನೋಂದಣಿ ಬೇರೆ, ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ಪರವಾನಗಿ ಬೇರೆ. ಈ ಪರವಾನಗಿ ಕೊಡುವುದು ವಿದೇಶಾಂಗ ಸಚಿವಾಲಯ. ಅದು ಇದೆಯೋ ಇಲ್ಲವೋ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ಜಿಎಸ್‌ಟಿ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. ಏಜೆಂಟರ ಮಾತು ನಂಬಿದರೆ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ: ಸೆಕ್ಯುರಿಟಿ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕಳಿಸಿದ ಕಲಬುರಗಿಯ ಯುವಕರನ್ನು ಉಕ್ರೇನ್ ಯುದ್ಧಭೂಮಿಗೆ ದೂಡಲಾಗಿತ್ತು. ಅವರು ಊರು ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಇನ್ನು ಪಾಸ್‌ಪೋರ್ಟ್ ವಿಷಯ. ಅವಧಿ ಮುಗಿಯಲು ಎರಡು ತಿಂಗಳಿದ್ದರೂ ನಡೆಯುತ್ತದೆ ಎಂದುಕೊಳ್ಳಬೇಡಿ; ಹಲವು ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಕೇಳುತ್ತವೆ. ಅದನ್ನು ಮಾಲೀಕ ಇಟ್ಟುಕೊಳ್ಳುವುದು ವಾಡಿಕೆ ಎಂಬ ಮಾತನ್ನೂ ಒಪ್ಪಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದರ, ವೀಸಾದ, ಕರಾರಿನ ಪ್ರತಿಗಳು ಮನೆಯಲ್ಲೂ ಇರಲಿ, ಮೊಬೈಲಿನಲ್ಲೂ ಇರಲಿ.

ಚೀಲಕ್ಕೆ ತುಂಬುವ ಸಾಮಾನಿನ ಬಗ್ಗೆಯೂ ಎಚ್ಚರವಿರಲಿ. ಅಡುಗೆ ಸಾಮಾನಿನಲ್ಲಿ ಏನು ಅಪಾಯ ಎನ್ನಬಹುದು. ಪಾಯಸಕ್ಕೆ ಹಾಕುವ ನಮ್ಮ ಗಸಗಸೆ ಯುಎಇ, ಸೌದಿ, ಸಿಂಗಪುರದಲ್ಲಿ ನಿಷಿದ್ಧ. ಸಣ್ಣ ಪೊಟ್ಟಣಕ್ಕೂ ಬಂಧನವಾಗಬಹುದು. ಟ್ರಮಡಾಲ್ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ ಒಯ್ಯಲು ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ಅಲ್ಲಿರುವ ಮಗನಿಗೆಂದು ಪಕ್ಕದ ಮನೆಯವರು ಕೊಟ್ಟ ಗಂಟನ್ನೂ ಬಿಚ್ಚಿ ನೋಡಿಯೇ ಚೀಲಕ್ಕೆ ಹಾಕಿ. ಅವರು ಬೇಜಾರು ಮಾಡಿಕೊಂಡರೂ ಚಿಂತೆಯಿಲ್ಲ.

ಅನುಮಾನವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಿ. ಏಜೆಂಟರ ಕೈಗೆ ಮುಂಗಡ ಕೊಡುವ ಮೊದಲೇ ಕೇಳಿ.