ತೋಡೂರು ಕಾಲೊನಿಯಲ್ಲಿ ಒಂದು ಭಾನುವಾರ

‘ನಿನ್ನ ಊರು ಯಾವ್ದು ತಮಾ?’ ಗೆಳೆಯನ ಅಜ್ಜಿ ಕೇಳಿದರು.

‘ತರೀಕೆರೆ ಹತ್ತಿರ ಎಂ.ಸಿ. ಹಳ್ಳಿ, ಅಜ್ಜಿ.’

‘ಮೊದ್ಲಿಂದ್ಲೂ ಅಲ್ಲೇಯಾ?’

ಈ ಎರಡನೇ ಪ್ರಶ್ನೆಯನ್ನು ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ನಮ್ಮ ಮನೆಯವರು ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಯವರು. 2001–02ರಲ್ಲಿ ಅಲ್ಲಿಯ ಹಳ್ಳಿಗಳನ್ನು ಸ್ಥಳಾಂತರಿಸಿದಾಗ ಎಂ.ಸಿ. ಹಳ್ಳಿಗೆ ಬಂದರು. ನಾನು ಹುಟ್ಟಿದ್ದು ಆಮೇಲೆ. ಹೇಳಿದೆ. ಅಜ್ಜಿ ಏನೂ ಅನ್ನದೆ ನನ್ನ ತಟ್ಟೆಗೆ ಇನ್ನೊಂದು ಬಂಗಡೆ ಹಾಕಿದರು.

ಬಿ.ಇ. ಓದಲು ಕಾರವಾರಕ್ಕೆ ಬಂದ ಹೊಸದರಲ್ಲಿ ನನ್ನ ಪಾಲಿಗೆ ಈ ಊರೆಂದರೆ ಟ್ಯಾಗೋರ್ ಕಡಲತೀರ, ಅಲ್ಲಿ ದಡಕ್ಕೇರಿಸಿ ನಿಲ್ಲಿಸಿರುವ ಚಪಲ್ ಯುದ್ಧನೌಕೆ, ಅಷ್ಟೆ. ನಿಜವಾದ ನೌಕಾನೆಲೆ ಇರುವುದು ಬಿಣಗಾ ದಾಟಿದ ಮೇಲೆ, ಅರಗಾದಲ್ಲಿ. ಅಂಕೋಲಾ ಬಸ್ಸಿನಲ್ಲಿ ಕೂತರೆ ಹೆದ್ದಾರಿ ಪಕ್ಕ ಕಾಂಪೌಂಡ್ ಕಾಣುತ್ತದೆ, ಸಮುದ್ರ ಅದರಾಚೆ. ಗೆಳೆಯನ ಮನೆ ತೋಡೂರಿನ ಸೀಬರ್ಡ್ ನಿರಾಶ್ರಿತರ ಕಾಲೊನಿಯಲ್ಲಿ.

ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಕಾರವಾರ, ಅಂಕೋಲಾ ತಾಲ್ಲೂಕುಗಳ ಸುಮಾರು 11 ಸಾವಿರ ಎಕರೆ ಭೂಮಿ ಹೋಯಿತು. 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಕದಂಬ ನೌಕಾನೆಲೆ ದೇಶಕ್ಕೆ ಸಮರ್ಪಣೆಯಾದದ್ದು 2005ರ ಮೇ 31ರಂದು. ಪರಿಹಾರದ ಕೇಸುಗಳು ಮಾತ್ರ ಅಲ್ಲಿಗೆ ಮುಗಿಯಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋದವು.

ಕಾಲೊನಿ ನೋಡಿದ ಕೂಡಲೇ ನನಗೆ ನಮ್ಮೂರು ನೆನಪಾಯಿತು. ರಸ್ತೆಗಳು ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಜನ ನಡೆದು ನಡೆದು ಆದ ಊರಿನ ದಾರಿ ಹೀಗಿರುವುದಿಲ್ಲ, ಇದು ಸರ್ವೆಯವರು ಮಾಡಿದ ಊರು. ಅಂಗಳದಲ್ಲಿ ಒಂದು ತೆಂಗಿನ ಮರ. ಅರಗಾದ ಹಿತ್ತಿಲಿನ ಕಾಯಿಂದ ಸಸಿ ಮಾಡಿ ತಂದು ನೆಟ್ಟದ್ದಂತೆ. ಹಳೆಯ ಮನೆಯ ಮರಗಳನ್ನೆಲ್ಲ ಅಧಿಕಾರಿಗಳು ಎಣಿಸಿ ಬೆಲೆ ಕಟ್ಟಿದ್ದರು, ಅಜ್ಜಿಗೆ ಆ ಲೆಕ್ಕ ಇನ್ನೂ ಬಾಯಿಪಾಠ. ಬಾವಿಯ ನೀರು ಎಷ್ಟು ಸಿಹಿಯಿತ್ತು ಎಂಬುದನ್ನು ಯಾರು ಬರೆದುಕೊಂಡರು ಎಂದು ಕೇಳುತ್ತಾರೆ.

ನೌಕಾಪಡೆ ಬೇಡ ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ವಿಕ್ರಮಾದಿತ್ಯದ ನೆಲೆ ಇದೇ ಎಂದರೆ ಮೆಕ್ಯಾನಿಕಲ್ ಓದುವ ನಮ್ಮಿಬ್ಬರ ಕಿವಿಯೂ ನೆಟ್ಟಗಾಗುತ್ತದೆ. ನಿರಾಶ್ರಿತರ ಮಕ್ಕಳಿಗೆ ಅಲ್ಲಿ ಕೆಲಸ ಕೊಡಿ ಎಂಬ ಬೇಡಿಕೆ ನಮಗಿಂತ ಹಳೆಯದು.

ಗೆಳೆಯನ ಅಣ್ಣ ಐಟಿಐ ಫಿಟ್ಟರ್. ಹಡಗು ರಿಪೇರಿ ಯಾರ್ಡಿನಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದ. ಮೊದಲ ದಿನ ಮನೆಗೆ ಬಂದಾಗ ಅಜ್ಜಿ ಸ್ಟೈಪೆಂಡ್ ಎಷ್ಟೆಂದು ಕೇಳಲಿಲ್ಲ.

‘ಬಾವಿ ಉಂಟೇನಾ?’ ಎಂದರು.

‘ಆ ಕಡೆ ಬಿಡೂದಿಲ್ಲ ಅಜ್ಜಿ’ ಎಂದನಂತೆ ಅವನು.