ರಾತ್ರಿ 11ಕ್ಕೆ ಸೂರ್ಯ ಎಲ್ಲಿರ್ತಾನೆ?

ನಮ್ಮ ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್‌ಗೆ ವಯಸ್ಸಾಗಿತ್ತು. ಕರೆಂಟ್ ಹೋದಾಗಲೆಲ್ಲ ನೆಲಮಹಡಿಯವರ ಮನೆತುಂಬ ಹೊಗೆ. "ಲೀಥಿಯಂ ಬ್ಯಾಟರಿ ಹಾಕಿಸೋಣ, ಮಾಲಿನ್ಯ ಸೊನ್ನೆ" ಅಂತ ಸಭೆಯಲ್ಲಿ ಜೋರಾಗಿ ವಾದಿಸಿದ್ದು ನಾನೇ. ಹಾಗಾಗಿ ಚಾರ್ಜಿಂಗ್ ಟೈಮರ್ ಹೊಂದಿಸೋ ಕೆಲಸವೂ ನನ್ನ ಪಾಲಿಗೇ ಬಂತು. ರಾತ್ರಿ 11ಕ್ಕೆ ಇಟ್ಟೆ. ಭಾರದ ಕೆಲಸವನ್ನೆಲ್ಲ ರಾತ್ರಿಗೆ ತಳ್ಳೋದು ನಮ್ಮ ಸಾಫ್ಟ್‌ವೇರ್‌ನವರ ಅಭ್ಯಾಸ ತಾನೇ!

ಮೂರನೇ ಮಹಡಿಯ ನಿವೃತ್ತ ಎಂಜಿನಿಯರ್ ಲಿಫ್ಟಿನಲ್ಲಿ ಸಿಕ್ಕಾಗ ಒಂದೇ ಪ್ರಶ್ನೆ ಕೇಳಿದರು: "ರಾತ್ರಿ 11ಕ್ಕೆ ಸೂರ್ಯ ಎಲ್ಲಿರ್ತಾನಪ್ಪಾ?"

ಅವತ್ತು ಕೂತು ಲೆಕ್ಕ ಹಾಕಿದೆ. ಬ್ಯಾಟರಿ ಕರೆಂಟನ್ನು ಹುಟ್ಟಿಸಲ್ಲ, ಬರೀ ಕೂಡಿಡುತ್ತೆ. ಕೂಡಿಟ್ಟದ್ದೆಲ್ಲ ವಾಪಸ್ ಬರೋದೂ ಇಲ್ಲ; ಹತ್ತು ಯೂನಿಟ್ ತುಂಬಿದರೆ ಕೈಗೆ ಸಿಗೋದು ಸುಮಾರು ಎಂಟೂವರೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಾದರೆ ಹೆಚ್ಚುಕಮ್ಮಿ 1 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಬ್ಯಾಟರಿ ಹೊಕ್ಕು ಹೊರಬರೋ ಯೂನಿಟ್ಟಿಗೆ ಅದೇ ಸುಮಾರು 1.2 ಕೆಜಿ. ನಮ್ಮ ಹಳೇ ಜನರೇಟರ್? ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ. ಅದರಿಂದ ಮೂರೇ ಯೂನಿಟ್ ಬಂದರೂ ಯೂನಿಟ್ಟಿಗೆ 0.9 ಕೆಜಿ. ಅಂದ್ರೆ, ಪೂರ್ತಿ ಕಲ್ಲಿದ್ದಲು ಕರೆಂಟನ್ನೇ ತುಂಬಿಸಿದರೆ ನಾನು ಹೊಗೆ ನಿಲ್ಲಿಸಿದ ಹಾಗಲ್ಲ. ನೆಲಮಹಡಿಯಿಂದ ರಾಯಚೂರಿಗೆ ಸಾಗಿಸಿದ ಹಾಗೆ, ಮೇಲೊಂದಿಷ್ಟು ಸೇರಿಸಿ!

ನಿಜ, ರಾತ್ರಿ ಬರೋದೆಲ್ಲ ಕಲ್ಲಿದ್ದಲಿನದಲ್ಲ. ಜಲವಿದ್ಯುತ್, ಗಾಳಿಯಂತ್ರ, ಕೈಗಾ ಅಣುಸ್ಥಾವರ ಎಲ್ಲ ಇವೆ. ಆದರೆ ರಾತ್ರಿ ಬೇಡಿಕೆ ಏರಿದಾಗ ಒಲೆ ಜೋರು ಮಾಡೋದು ಹೆಚ್ಚಾಗಿ ಕಲ್ಲಿದ್ದಲು ಘಟಕಗಳೇ. ಮಧ್ಯಾಹ್ನದ ಕಥೆ ಬೇರೆ. ಪಾವಗಡದ ಸೋಲಾರ್ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಬಿಸಿಲು ಜೋರಾಗಿದ್ದು ಬೇಡಿಕೆ ಕಡಿಮೆಯಾದರೆ ಸೋಲಾರ್ ಉತ್ಪಾದನೆಯನ್ನೇ ತಗ್ಗಿಸಬೇಕಾಗಿ ಬರೋದೂ ಉಂಟು. ಹಾಗೆ ಪೋಲಾಗೋ ಯೂನಿಟ್ಟನ್ನು ಹಿಡಿದಿಟ್ಟು ಸಂಜೆ ಬಳಸಿದರೆ, ಆಗ ಬ್ಯಾಟರಿ ನಿಜಕ್ಕೂ ಕಲ್ಲಿದ್ದಲು ಉಳಿಸುತ್ತೆ.

ದೊಡ್ಡ ಯೋಜನೆಗಳಿಗೂ ಇದೇ ಪ್ರಶ್ನೆ. ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. ಕೆಳಗಿನ ಗೇರುಸೊಪ್ಪದಿಂದ ಮೇಲಿನ ತಲಕಳಲೆಗೆ ನೀರೆತ್ತಿ, ಬೇಕಾದಾಗ ಹರಿಸಿ ಕರೆಂಟ್ ಪಡೆಯೋ ಲೆಕ್ಕ. ಇಂಥ ವ್ಯವಸ್ಥೆಯಲ್ಲೂ ಐದರಲ್ಲಿ ಒಂದು ಯೂನಿಟ್ ದಾರಿಖರ್ಚು. ಸಿಂಗಳೀಕಗಳ ಕಾಡು ಕೊಟ್ಟು ಕಟ್ಟೋ ಮೊದಲು, ನೀರೆತ್ತೋ ಕರೆಂಟ್ ಯಾವ ಹೊತ್ತಿನದು ಅಂತ ಕೇಳಬೇಡವೇ?

ಈಗ ನಮ್ಮ ಟೈಮರ್ ಬೆಳಗ್ಗೆ 11ರಿಂದ ಮಧ್ಯಾಹ್ನ 3. ರಾತ್ರಿ ಲಿಫ್ಟ್ ನಿಲ್ಲಬಾರದಲ್ಲ, ಅದಕ್ಕೆ ಅರ್ಧದಷ್ಟು ಚಾರ್ಜ್ ಯಾವಾಗಲೂ ಇರಲೇಬೇಕು ಅಂತ ನಿಯಮ ಮಾಡಿದ್ದೇವೆ. ಉಳಿದರ್ಧ ಬಿಸಿಲಿಗೆ ಕಾಯುತ್ತೆ. ನಿಮ್ಮ ಆಫೀಸಲ್ಲಿ ಚಾರ್ಜಿಂಗ್ ಪಾಯಿಂಟ್ ಇದ್ದರೆ ಎಲೆಕ್ಟ್ರಿಕ್ ಸ್ಕೂಟರ್‌ಗೂ ಹೀಗೇ ಮಾಡಿ, ಊಟಕ್ಕೆ ಮುಂಚೆ ಪ್ಲಗ್ ಚುಚ್ಚಿ.

ಮೊನ್ನೆ ಲಿಫ್ಟಿನಲ್ಲಿ ಅದೇ ಹಿರಿಯರು ಸಿಕ್ಕರು. "ಬದಲಾಯಿಸಿದೆ ಸರ್" ಅಂದೆ.

"ಒಳ್ಳೇದು. ಮಳೆಗಾಲಕ್ಕೇನು ಮಾಡ್ತೀಯಾ?" ಅಂದರು.

ಮತ್ತೆ ಲೆಕ್ಕಕ್ಕೆ ಕೂತಿದ್ದೇನೆ.