ಕುದುರೆಯು ಎತ್ತಲ್ಲ

ನರಗುಂದದ ಗುಡ್ಡದ ಮೇಲೆ ನಿಂತು ಕಣ್ಣು ಹಾಯಿಸಿದರೆ ನಾಲ್ಕೂ ಕಡೆಗೆ ಕಾಣುವದು ಎರೆಯ ಬಯಲು. ಜೋಳ, ಗೋದಿ, ಕಡಲೆ, ಹತ್ತಿಗಳನ್ನು ಬೆಳೆಯುವ ಈ ನೆಲದಲ್ಲಿ ಒಕ್ಕಲಿಗನ ಬಲಗೈಯೆಂದರೆ ಎತ್ತು. ಎತ್ತಿನ ಹಲ್ಲು, ಕೋಡು, ನಡೆ, ಮೇವು ಇವುಗಳ ತಿಳಿವಳಿಕೆಯು ಇಲ್ಲಿಯ ಮನೆಮನೆಯ ಸೊತ್ತು. ಆದರೆ ಇದೇ ನೆಲವು ಒಂದು ಕಾಲಕ್ಕೆ ಕುದುರೆಯ ಗೊರಸಿನ ಸಪ್ಪಳಕ್ಕೂ ಕಿವಿಗೊಟ್ಟಿತ್ತು.

1858ನೆಯ ಇಸವಿಯ ಮೇ 29ರ ರಾತ್ರಿ, ಬಾಬಾಸಾಹೇಬರೆಂದು ಪ್ರಸಿದ್ಧರಾದ ನರಗುಂದದ ಭಾಸ್ಕರರಾವ ಭಾವೆಯವರು ತಮ್ಮ ಜನರೊಡನೆ ಸುರೇಬಾನದ ಮೇಲೆರಗಿದರು. ಅಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ ಹತನಾದನು. ವಾರ ತುಂಬುವದರೊಳಗೆ ಕರ್ನಲ್ ಮಾಲ್ಕಮನ ದಂಡು ಕುದುರೆಯ ಸವಾರರೊಡನೆ ಬಂದು ನರಗುಂದವನ್ನು ಹಿಡಿಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಹದಿನೈದೇ ದಿವಸಗಳಲ್ಲಿ ಒಂದು ಸಂಸ್ಥಾನದ ಬಾಳು ಮುಗಿದುಹೋಯಿತು. ಈ ಸೀಮೆಯಲ್ಲಿ ರೈಲು ಮೋಟಾರುಗಳಿಲ್ಲದ ಆ ದಿವಸಗಳಲ್ಲಿ ರಾಜ್ಯಗಳ ಏಳುಬೀಳುಗಳು ಕುದುರೆಯ ಕಾಲಿನ ಮೇಲೆಯೇ ನಡೆಯುತ್ತಿದ್ದವು.

ಇಂದು ಆ ದಂಡೂ ಇಲ್ಲ, ಆ ಸವಾರರೂ ಇಲ್ಲ. ಕುರಿಗಳ ಹಿಂಡಿನೊಡನೆ ಊರೂರು ಅಲೆಯುವ ಕುರುಬರ ತಟ್ಟು, ಮದುಮಗನನ್ನು ಹೊರುವ ಮೆರವಣಿಗೆಯ ಕುದುರೆ, ಕೆಲವು ಪಟ್ಟಣಗಳಲ್ಲಿ ಅಳಿದುಳಿದ ಟಾಂಗಾದ ಕುದುರೆ, ಇಷ್ಟೇ ನಮ್ಮ ಜನರ ಕಣ್ಣಿಗೆ ಬೀಳುವದು. ಕುದುರೆಗಳು ಕಡಿಮೆಯಾದಂತೆ ಅವುಗಳ ತಿಳಿವಳಿಕೆಯೂ ಕಡಿಮೆಯಾಯಿತು. ಎತ್ತನ್ನು ಬಲ್ಲವನು ಕುದುರೆಯನ್ನೂ ಬಲ್ಲೆನೆಂದು ತಿಳಿಯುತ್ತಾನೆ. ಎರಡೂ ಹುಲ್ಲು ತಿನ್ನುವವು, ಎರಡೂ ದುಡಿಯುವವು ಎಂಬುದು ನಿಜ. ಆದರೆ ಒಳಗಿನ ರಚನೆಯಲ್ಲಿಯೂ ಸ್ವಭಾವದಲ್ಲಿಯೂ ಅವು ಬೇರೆ ಬೇರೆ. ಈ ಭೇದವನ್ನು ಅರಿಯದೆ ಎಷ್ಟೋ ಮೂಕಪ್ರಾಣಿಗಳು ಸಾಯುತ್ತವೆ. ಆದ್ದರಿಂದ ಮನೆಗಳಲ್ಲಿ ಸಾಮಾನ್ಯವಾಗಿ ಹುಟ್ಟುವ ಕೆಲವು ಪ್ರಶ್ನೆಗಳನ್ನು ಎತ್ತಿಕೊಂಡು ಇಲ್ಲಿ ವಿಚಾರಿಸೋಣ.

ನಮ್ಮ ನಾಡಿನ ಕುದುರೆಗಳು ಯಾವುವು?

ದಕ್ಷಿಣದ ಅರಸರು ಕುದುರೆಗಾಗಿ ಬಹುಕಾಲ ಕಡಲಿನ ಕಡೆಗೆ ನೋಡುತ್ತಿದ್ದರು. ಅರಬಸ್ತಾನ, ಪಾರಸಿಕ ದೇಶಗಳ ಕುದುರೆಗಳು ಹಡಗಿನಲ್ಲಿ ಪಡುವಲ ಕರಾವಳಿಗೆ ಬಂದು ಘಟ್ಟವನ್ನೇರಿ ವಿಜಯನಗರವನ್ನು ಸೇರುತ್ತಿದ್ದವು. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನೆಂದೂ, ಸತ್ತದ್ದರ ಗುರುತಿಗೆ ಬಾಲವನ್ನು ತಂದು ತೋರಿಸಿದರೆ ಸಾಕಾಗುತ್ತಿತ್ತೆಂದೂ ಪೋರ್ತುಗೀಜ ಪ್ರವಾಸಿ ನೂನಿಜನು ಬರೆದಿದ್ದಾನೆ. ಅವನಿಗಿಂತ ಎರಡು ಶತಮಾನಗಳಿಗೂ ಹಿಂದೆ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ ಹೇಳುವದು ಇನ್ನೂ ವಿಚಾರಾರ್ಹವಾಗಿದೆ: ಅಲ್ಲಿಯ ಅರಸರು ವರುಷವರುಷವೂ ಸಾವಿರಗಟ್ಟಲೆ ಕುದುರೆ ಕೊಳ್ಳುವರು, ವರುಷದ ಕೊನೆಗೆ ನೂರು ಸಹ ಉಳಿಯುವದಿಲ್ಲ, ಕಾರಣ, ಅವುಗಳ ಆರೈಕೆ ಬಲ್ಲವರು ಅಲ್ಲಿ ಇಲ್ಲ. ಬೇಯಿಸಿದ ಅನ್ನಮಾಂಸಗಳನ್ನು ಅವುಗಳಿಗೆ ತಿನ್ನಿಸುತ್ತಿದ್ದರೆಂದೂ ಅವನು ಬರೆದಿದ್ದಾನೆ. ಹಣವು ಕುದುರೆಯನ್ನು ತರಬಲ್ಲದು, ಬದುಕಿಸಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಭಾರತದಲ್ಲಿಯೇ ಹುಟ್ಟಿ ಬೆಳೆದ ತಳಿಗಳೂ ಇವೆ. ಕಿವಿಯ ತುದಿಗಳು ಒಳಮುಖವಾಗಿ ಬಾಗಿ ಒಂದನ್ನೊಂದು ಮುಟ್ಟುವ ಮಾರವಾಡಿ ಮತ್ತು ಕಾಠಿಯಾವಾಡಿ, ಮರುಭೂಮಿಯ ಕಚ್ಛೀ-ಸಿಂಧಿ, ಹಿಮಾಲಯದ ಸ್ಪಿತಿ, ಝನ್ಸ್ಕಾರಿ ಮತ್ತು ಭೂಟಿಯಾ, ಪೋಲೋ ಆಟಕ್ಕೆ ಹೆಸರಾದ ಮಣಿಪುರಿ ಇವು ಪ್ರಸಿದ್ಧವಾದವು. ನಮಗೆ ಹತ್ತಿರದ್ದು ಭೀಮಾನದಿಯ ದಂಡೆಯ ಭೀಮಥಡಿ. ಮರಾಠರ ದಂಡನ್ನು ಹೊತ್ತು ತಿರುಗಿದ ದಖ್ಖನಿನ ಕುದುರೆಯಿದು. ಎತ್ತರ ಕಡಿಮೆ, ಮೈ ಗಟ್ಟಿ, ಹೊಟ್ಟೆಗೆ ಸ್ವಲ್ಪ ಸಾಕು, ನಡೆಗೆ ದಣಿವಿಲ್ಲ. ಇಂದು ಇದನ್ನು ಉಳಿಸಿಕೊಂಡು ಬಂದವರು ಮುಖ್ಯವಾಗಿ ಕುರಿ ಕಾಯುವ ಧನಗರರು. ಇತ್ತೀಚಿನ ವರುಷಗಳಲ್ಲಿ ಸರಕಾರವು ಇದನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿದೆ. ಪಂದ್ಯದ ಕುದುರೆಗಳ ಕುಲ ಬೇರೆ. ಟಿಪ್ಪುಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆಯ ಫಾರ್ಮು ಅಂಥವುಗಳ ಸಾಕಣೆಗೆ ಪ್ರಖ್ಯಾತವಾಯಿತು.

ಸುಳಿಯನ್ನು ನೋಡಬೇಕೇ?

ಕುದುರೆ ಕೊಳ್ಳುವವರು ಮೊದಲು ಹುಡುಕುವದು ಸುಳಿಯನ್ನು. ಇದು ಹಳೆಯ ಪದ್ಧತಿ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ ಶಿಕ್ಷಣಗಳ ವಿಚಾರವಿದೆ. ಕನ್ನಡದಲ್ಲಿಯೂ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ದಂಥ ಅಶ್ವಶಾಸ್ತ್ರಗಳು ಹುಟ್ಟಿದವು. ನಾಲ್ಕು ಕಾಲುಗಳೂ ಮುಖವೂ ಬೆಳ್ಳಗಿದ್ದರೆ ಅದು ಪಂಚಕಲ್ಯಾಣಿ, ಮನೆಗೆ ಮಂಗಳ ಎಂದು ಜನರು ನಂಬಿದರು; ಇನ್ನು ಕೆಲವು ಸುಳಿಗಳು ಯಜಮಾನನನ್ನೇ ತಿನ್ನುವವೆಂದು ಅಂಜಿದರು.

ಸುಳಿಯೆಂದರೆ ಮರಿಯು ತಾಯಿಯ ಗರ್ಭದಲ್ಲಿರುವಾಗಲೇ ಕೂದಲು ತಿರುಗಿ ಬೆಳೆದ ಗುರುತು. ಅದು ಮನುಷ್ಯರ ನೆತ್ತಿಯಲ್ಲಿಯೂ ಇರುವದು. ಒಂದು ಕುದುರೆಯನ್ನು ಇನ್ನೊಂದರಿಂದ ಗುರುತಿಸಲು ಅದು ಉಪಯುಕ್ತ. ಯಜಮಾನನ ಭಾಗ್ಯವನ್ನು ಹೇಳಲು ಅದಕ್ಕೆ ಶಕ್ತಿಯಿಲ್ಲ. ಆದರೂ ಕೆಟ್ಟ ಸುಳಿಯೆಂಬ ಒಂದೇ ಮಾತಿನಿಂದ ಗುಣವಂತ ಕುದುರೆಯು ಅರ್ಧ ಬೆಲೆಗೆ ಕೈಯಿಂದ ಕೈಗೆ ದಾಟಿ, ಎಲ್ಲಿಯೂ ನೆಲೆಯಿಲ್ಲದೆ ಸವೆಯುವದು. ಸುಳಿಯನ್ನು ನೋಡುವ ಕಣ್ಣು ಕಾಲಿನ ಕೀಲನ್ನೂ, ಗೊರಸನ್ನೂ, ಉಸಿರಾಟವನ್ನೂ ನೋಡಿದರೆ ಕೊಳ್ಳುವವನ ಹಣವೂ ಉಳಿದೀತು, ಪ್ರಾಣಿಯ ಪ್ರಾಣವೂ ಉಳಿದೀತು.

ಬಣ್ಣದ ವಿಷಯವಾಗಿ ಮಕ್ಕಳಿಗೆ ಹೇಳತಕ್ಕ ಒಂದು ಸ್ವಾರಸ್ಯವುಂಟು. ಮೈಲಾರಲಿಂಗನ ಚಿತ್ರಪಟದಲ್ಲಿ ಕಾಣುವಂಥ ಬಿಳಿಯ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಕಪ್ಪು ಇಲ್ಲವೆ ಕಂದು ಬಣ್ಣದವೇ. ವರುಷ ಕಳೆದಂತೆ ಅವುಗಳ ಕೂದಲು ನರೆತು ಬೆಳ್ಳಗಾಗುವದು. ಒಳಗಿನ ತೊಗಲು ಮಾತ್ರ ಕಪ್ಪಾಗಿಯೇ ಉಳಿಯುವದು.

ವಯಸ್ಸನ್ನು ತಿಳಿಯುವದು ಹೇಗೆ?

ಹೆಣ್ಣುಗುದುರೆಯು ಸುಮಾರು ಹನ್ನೊಂದು ತಿಂಗಳು ಗರ್ಭವನ್ನು ಹೊರುವದು. ಹುಟ್ಟಿದ ಮರಿಯು ಒಂದೆರಡು ತಾಸಿನಲ್ಲಿಯೇ ಎದ್ದು ನಿಲ್ಲುವದು. ಎತ್ತಿಗೆ ಮೇಲಿನ ದವಡೆಯಲ್ಲಿ ಬಾಚಿಹಲ್ಲುಗಳಿಲ್ಲ. ಕುದುರೆಗೆ ಮೇಲೆ ಆರು, ಕೆಳಗೆ ಆರು ಇರುವವು. ನಡುವಿನ ಜೋಡಿ ಹಾಲುಹಲ್ಲು ಎರಡೂವರೆ ವರುಷಕ್ಕೆ, ಅದರ ಪಕ್ಕದವು ಮೂರೂವರೆಗೆ, ಕೊನೆಯವು ನಾಲ್ಕೂವರೆಗೆ ಬೀಳುವವು. ಐದು ವರುಷಕ್ಕೆ ಬಾಯಿ ತುಂಬುವದು. ಅನಂತರ ಹಲ್ಲಿನ ಸವೆತದಿಂದ ವಯಸ್ಸನ್ನು ಅಂದಾಜಿಸುವರು. ಹತ್ತು ವರುಷದ ಸುಮಾರಿಗೆ ಮೇಲಿನ ಕೊನೆಯ ಬಾಚಿಹಲ್ಲಿನಲ್ಲಿ ಒಂದು ಕಂದುಗೆರೆ ತೋರಿ, ಇಪ್ಪತ್ತಕ್ಕೆ ಹಲ್ಲಿನ ಉದ್ದಕ್ಕೂ ಇಳಿಯುವದು. ಒಳ್ಳೆಯ ಆರೈಕೆಯಿದ್ದರೆ ಕುದುರೆಯು 25ರಿಂದ 30 ವರುಷ ಬದುಕುವದು.

ಏನು ತಿನ್ನಿಸಬೇಕು?

ಎತ್ತಿಗೂ ಕುದುರೆಗೂ ಇರುವ ಮುಖ್ಯ ಭೇದವು ಇಲ್ಲಿಯೇ. ಎತ್ತು ಮೇವನ್ನು ಒಮ್ಮೆಲೇ ನುಂಗಿ, ನೆರಳಿನಲ್ಲಿ ಮಲಗಿ ಮೆಲುಕಾಡಿಸುವದು. ಕುದುರೆಗೆ ಮೆಲುಕು ಇಲ್ಲ. ಅದರ ಜಠರವು ಬಹಳ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುವದು ಅದರ ಪ್ರಕೃತಿ. ಅಲ್ಲದೆ ಕುದುರೆಯು ವಾಂತಿ ಮಾಡಲಾರದು. ಒಳಗೆ ಹೋದ ಕೆಟ್ಟ ಪದಾರ್ಥವು ಹಿಂದಿರುಗಿ ಬರುವ ದಾರಿಯಿಲ್ಲ. ಇದರಿಂದಲೇ ಹೊಟ್ಟೆಶೂಲೆಯು ಕುದುರೆಗಳ ಪಾಲಿನ ಮೃತ್ಯುವಾಗಿದೆ.

350 ಕಿಲೋ ತೂಕದ ಕುದುರೆಗೆ ದಿನಕ್ಕೆ ಆರೇಳು ಕಿಲೋ ಒಣಮೇವು ಬೇಕಾಗುವದು. ಅದರಲ್ಲಿ ಹೆಚ್ಚಿನ ಭಾಗವು ಹುಲ್ಲೇ ಇರಬೇಕು. ದುಡಿಮೆಯಿದ್ದರೆ ನೆನೆಸಿದ ಕಡಲೆ, ಬೇಯಿಸಿದ ಹುರಳಿಗಳನ್ನು ಎರಡು ಮೂರು ಸಲಕ್ಕೆ ಹಂಚಿ ಕೊಡಬೇಕು. ಹಬ್ಬದ ದಿವಸ ಪ್ರೀತಿಯಿಂದ ಬುಟ್ಟಿಗಟ್ಟಲೆ ಕಾಳು ತಿನ್ನಿಸಿದರೆ ಶೂಲೆಯು ಬರಬಹುದು. ಇಲ್ಲವೆ ಗೊರಸಿನ ಒಳಗೆ ಉರಿಯೆದ್ದು ಕುದುರೆಯು ಜನ್ಮವಿಡೀ ಕುಂಟಬಹುದು. ನೀರು ದಿನಕ್ಕೆ 20ರಿಂದ 40 ಲೀಟರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೆವರಿನೊಡನೆ ಹೋದ ಉಪ್ಪನ್ನೂ ತುಂಬಿಕೊಡಬೇಕು.

ಜೋಳದ ನಾಡಿನವರು ಎರಡು ಮಾತುಗಳನ್ನು ವಿಶೇಷವಾಗಿ ನೆನಪಿಡಬೇಕು. ಹಸಿಯ ಜೋಳದ ಬೆಳೆಯನ್ನು ವಾರಗಟ್ಟಲೆ ಮೇಯ್ದ ಕುದುರೆಗೆ ಮೂತ್ರಾಶಯದ ಬೇನೆಯುಂಟಾಗಿ ಹಿಂಗಾಲುಗಳ ತ್ರಾಣವು ಕುಂದುವದುಂಟು. ಎರಡನೆಯದು ಇನ್ನೂ ಭಯಂಕರವಾದದ್ದು. ದನಕೋಳಿಗಳ ಸಿದ್ಧ ಆಹಾರದಲ್ಲಿ ಕೆಲವೊಮ್ಮೆ ಬೆರೆಸುವ ಮೊನೆನ್ಸಿನ್ ಎಂಬ ಔಷಧವು ಆ ಪ್ರಾಣಿಗಳಿಗೆ ಹಿತವಾದರೂ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲಬಲ್ಲದು. ಎತ್ತಿನ ಗೋದಲಿಯ ಮೇವನ್ನು ವಿಚಾರಿಸದೆ ಕುದುರೆಯ ಮುಂದೆ ಸುರಿಯುವದು ಎಂಥ ಅನರ್ಥವೆಂಬುದನ್ನು ವಾಚಕರೇ ತಿಳಿಯಬಹುದು.

ನಾಲು ಏಕೆ?

ಬಾಗಿಲ ಹೊಸ್ತಿಲಿಗೆ ಹೊಡೆಯುವ ಕುದುರೆಯ ನಾಲನ್ನು ಎಲ್ಲರೂ ಬಲ್ಲರು. ಅದು ಕುದುರೆಯ ಕಾಲಲ್ಲಿ ಮಾಡುವ ಕೆಲಸವನ್ನು ಬಲ್ಲವರು ಕಡಿಮೆ. ಎತ್ತಿನ ಗೊರಸು ಸೀಳಿದ್ದು, ಕುದುರೆಯದು ಒಂದೇ. ನಮ್ಮ ಉಗುರಿನಂತೆ ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವದು. ಗಟ್ಟಿ ರಸ್ತೆಯಲ್ಲಿ ಬೆಳವಣಿಗೆಗಿಂತ ಸವೆತವು ಹೆಚ್ಚಾಗುವದರಿಂದ ನಾಲು ಕಟ್ಟುವರು. ಆರರಿಂದ ಎಂಟು ವಾರಕ್ಕೊಮ್ಮೆ ನಾಲನ್ನು ಬಿಚ್ಚಿ, ಗೊರಸನ್ನು ಕೊರೆದು, ಮತ್ತೆ ಕಟ್ಟಬೇಕು. ಮೆತ್ತನೆಯ ನೆಲದಲ್ಲಿ ತಿರುಗುವ ಕುರುಬರ ತಟ್ಟಿಗೆ ನಾಲಿಲ್ಲದಿದ್ದರೂ ನಡೆದೀತು. ಗೊರಸನ್ನು ಸಮಮಾಡುವದು ಮಾತ್ರ ತಪ್ಪದು.

ನಮ್ಮ ಎರೆಯ ಮಣ್ಣು ಮಳೆಗಾಲದಲ್ಲಿ ಗೊರಸಿನ ತಳಕ್ಕೆ ಅಂಟಿಕೊಂಡು ಒಳಗೇ ಕೊಳೆತು ನಾರುವದು. ದಿನಕ್ಕೊಮ್ಮೆ ಕಾಲನ್ನೆತ್ತಿ ಮಣ್ಣನ್ನು ಕೆರೆದು ತೆಗೆದರೆ ಈ ರೋಗವು ಬಾರದು. ಲದ್ದಿ ಮೂತ್ರಗಳಲ್ಲಿ ಕುದುರೆಯನ್ನು ನಿಲ್ಲಿಸಬಾರದು. ಗೊರಸಿಗೆ ಮೊಳೆ ಚುಚ್ಚಿದರೆ ಅಲಕ್ಷ್ಯ ಸಲ್ಲದು. ಧನುರ್ವಾಯುವು ಕುದುರೆಗಳನ್ನು ಬಹು ಬೇಗ ಹಿಡಿಯುವದು. ಅದನ್ನು ತಡೆಯುವ ಚುಚ್ಚುಮದ್ದು ಪಶುವೈದ್ಯರಲ್ಲಿ ದೊರೆಯುವದು.

ಕುದುರೆಯು ನಿಂತೇ ನಿದ್ರಿಸುವದೇ? ಬೆದರುವದೇಕೆ?

ಕುದುರೆಯ ಕಾಲುಗಳಲ್ಲಿ ಸ್ನಾಯುವಿಗೆ ದಣಿವಾಗದಂತೆ ಕೀಲನ್ನು ಬಿಗಿಹಿಡಿಯುವ ಏರ್ಪಾಡುಂಟು. ಅದರಿಂದ ಅದು ನಿಂತಲ್ಲಿಯೇ ತೂಕಡಿಸಬಲ್ಲದು. ಆದರೆ ಗಾಢನಿದ್ರೆಗೆ ಮಲಗಲೇ ಬೇಕು. ಕಾಲು ಚಾಚಲು ಸ್ಥಳವಿಲ್ಲದಂತೆ ಗಿಡ್ಡ ಹಗ್ಗದಿಂದ ಕಟ್ಟಿದ ಕುದುರೆಯು ದಿನಗಳೆದಂತೆ ನಿದ್ರೆಗೆಟ್ಟು ನಿಂತಲ್ಲಿಯೇ ಕುಸಿಯುವದುಂಟು.

ಎತ್ತಿಗೆ ಕೋಡುಂಟು, ಅಪಾಯ ಬಂದರೆ ಹಾಯಬಲ್ಲದು. ಕುದುರೆಗೆ ಓಟವೇ ರಕ್ಷಣೆ. ಅದರ ಕಣ್ಣುಗಳು ತಲೆಯ ಎರಡೂ ಪಕ್ಕಕ್ಕಿರುವದರಿಂದ ಸುತ್ತಲೂ ಕಾಣುವದು. ಮೂಗಿನ ನೇರ ಮುಂದೆಯೂ ಬೆನ್ನ ಹಿಂದೆಯೂ ಮಾತ್ರ ಕಾಣದು. ಹಿಂದಿನಿಂದ ಸದ್ದಿಲ್ಲದೆ ಬಂದವನನ್ನು ಅದು ವೈರಿಯೆಂದೇ ತಿಳಿದು ಒದೆಯುವದು. ಮಕ್ಕಳಿಗೆ ಇದನ್ನು ಕಲಿಸಬೇಕು: ಮಾತಾಡುತ್ತ ಹೆಗಲಿನ ಕಡೆಯಿಂದ ಹೋಗಿ, ಮೊದಲು ಕತ್ತನ್ನು ಸವರಬೇಕು. ಕಿವಿ ಮುಂದಕ್ಕೆ ಚಾಚಿದ್ದರೆ ಕುತೂಹಲ. ಹಿಂದಕ್ಕೆ ಒತ್ತಿದ್ದರೆ ಕೋಪ ಇಲ್ಲವೆ ನೋವು. ಆಗ ದೂರವಿರುವದು ಲೇಸು.

ನೋವನ್ನು ಅಡಗಿಸುವದು ಈ ಪ್ರಾಣಿಯ ಇನ್ನೊಂದು ಸ್ವಭಾವ. ಸುಮ್ಮನೆ ನಿಂತ ಕುದುರೆಯ ನಾಡಿಯು ನಿಮಿಷಕ್ಕೆ 28ರಿಂದ 44, ಮೈಯ ಬಿಸಿಯು ಸುಮಾರು 38 ಡಿಗ್ರಿ ಸೆಂಟಿಗ್ರೇಡು ಇರಬೇಕು. ಮೇವು ಬಿಡುವದು, ಪಕ್ಕೆಯನ್ನು ತಿರುತಿರುಗಿ ನೋಡುವದು, ನೆಲವನ್ನು ಕೆರೆಯುವದು, ಹೊರಳಾಡುವದು ಇವು ಶೂಲೆಯ ಚಿಹ್ನೆಗಳು. ಎತ್ತಿಗೆ ಮಾಡುವಂತೆ ಗೊಟ್ಟದಿಂದ ಬಾಯಿಗೆ ಎಣ್ಣೆ ಕಷಾಯಗಳನ್ನು ಸುರಿಯುತ್ತ ಕೂಡ್ರದೆ ಕೂಡಲೆ ಪಶುವೈದ್ಯರನ್ನು ಕರೆಯಬೇಕು. ಮೂಗಿನಿಂದ ಕೀವು ಸೋರಿ ಮೈಮೇಲೆ ಹುಣ್ಣುಗಳೆದ್ದರೆ ಅದು ಗ್ಲಾಂಡರ್ಸ್ ಎಂಬ ರೋಗವಿರಬಹುದು. ಅದು ಮನುಷ್ಯರಿಗೂ ತಗಲುವಂಥದು; ಮುಚ್ಚಿಡದೆ ತಿಳಿಸುವದು ಧರ್ಮವೂ ಹೌದು, ಕಾಯಿದೆಯೂ ಹೌದು.

ಮದುವೆಯ ಮನೆಯವರಿಗೆ ಒಂದು ಮಾತು

ನಮ್ಮ ಕಡೆಗೆ ಬೇಸಿಗೆಯಲ್ಲಿ ಮದುವೆಗಳು ಬಹಳ. ಕಾದ ಡಾಂಬರಿನ ಮೇಲೆ, ಧ್ವನಿವರ್ಧಕಗಳ ಅಬ್ಬರದಲ್ಲಿ, ಪಟಾಕಿಯ ನಡುವೆ ಕುದುರೆಯು ತಾಸುಗಟ್ಟಲೆ ನಿಲ್ಲುವದನ್ನು ನೋಡುತ್ತೇವೆ. ಅದು ಅಲುಗಾಡದೆ ನಿಂತಿದೆಯೆಂದು ಸುಖವಾಗಿದೆಯೆನ್ನಲಾಗದು. ಓಡಿಹೋಗಲು ದಾರಿಯಿಲ್ಲದೆ ನಿಂತಿದೆ. 1965ರ ಕೇಂದ್ರ ನಿಯಮಗಳ ಪ್ರಕಾರ ತಟ್ಟಿನ ಬೆನ್ನ ಮೇಲೆ ಹೇರಬಹುದಾದ ಹೊರೆ 70 ಕಿಲೋ ಮಾತ್ರ; 37 ಡಿಗ್ರಿಗೂ ಹೆಚ್ಚು ಬಿಸಿಲಿದ್ದಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ದುಡಿಸಕೂಡದು; ಮುಳ್ಳಿನ ಕಡಿವಾಣವು ನಿಷಿದ್ಧ.

ಆದಕಾರಣ ಮೆರವಣಿಗೆಯನ್ನು ಬಿಸಿಲಿಳಿದ ಮೇಲೆ ಹೊರಡಿಸಿರಿ. ಕುದುರೆಯ ಬಳಿ ಪಟಾಕಿ ಹಾರಿಸದಂತೆ ಹುಡುಗರಿಗೆ ಹೇಳಿರಿ. ಬೀಗರಿಗೆ ಪಾನಕ ಕೊಡುವಾಗ ಕುದುರೆಗೂ ಒಂದು ಬಕೆಟ್ಟು ನೀರನ್ನು ನೆರಳಿನಲ್ಲಿ ಇರಿಸಿರಿ. ಜೀನಿನ ಕೆಳಗೆ ಹುಣ್ಣಿರುವ ಇಲ್ಲವೆ ಕುಂಟುವ ಕುದುರೆಯನ್ನು ತಂದರೆ ಬೇಡವೆಂದು ಹಿಂದಕ್ಕೆ ಕಳಿಸಿರಿ. ಹಾಗೆ ನಾಲ್ಕು ಮನೆಯವರು ಕಳಿಸಿದರೆ ಐದನೆಯ ಮನೆಗೆ ಬರುವದರೊಳಗೆ ಅದಕ್ಕೆ ಔಷಧೋಪಚಾರವಾದೀತು. ಎತ್ತನ್ನು ಬಸವಣ್ಣನೆಂದು ಕಾರಹುಣ್ಣಿಮೆಯಲ್ಲಿ ಪೂಜಿಸುವ ಜನರು ನಾವು. ಕುದುರೆಗೆ ಅಂಥ ಹಬ್ಬವಿಲ್ಲದಿದ್ದರೂ ಚಿಂತೆಯಿಲ್ಲ. ಅದರ ಹೊಟ್ಟೆ, ಗೊರಸು, ಅಂಜಿಕೆ ಈ ಮೂರನ್ನು ಅರಿತು ನಡೆದರೆ ಅಷ್ಟೇ ಸಾಕು.